ಕೇಬಲ್ ತಂತಿಯಿಂದ ರೀಲ್ಸ್‌ಗೆ: ಜಾಹೀರಾತು ಹೋದ ದಾರಿ

ನನ್ನ ಉಪ್ಪ ಕೇಬಲ್ ಆಪರೇಟರ್. ಎಂಟನೇ ತರಗತಿಯಿಂದ ಅವರ ಕಲೆಕ್ಷನ್ ಪುಸ್ತಕ ಬರೆಯುವ ಕೆಲಸ ನನ್ನದು. ಯಾವ ಮನೆಯಿಂದ ಈ ತಿಂಗಳ ದುಡ್ಡು ಬಂತು, ಯಾರದು ಬಾಕಿ, ಯಾರ ಬಾಕ್ಸ್ ಕೆಟ್ಟಿದೆ ಎಂಬುದನ್ನೆಲ್ಲ ಉಪ್ಪ ರಾತ್ರಿ ಊಟದ ಮೇಲೆ ಹೇಳುತ್ತಾರೆ, ನಾನು ಬರೆಯುತ್ತೇನೆ. ಮೊದಲು ಎರಡು ದಪ್ಪ ಪುಸ್ತಕಗಳಿದ್ದವು. ಬಿ.ಸಿ. ರೋಡ್ ಕಡೆಯ ಮನೆಗಳಿಗೆ ಒಂದು, ಹೊಳೆಯಾಚೆಯ ಮನೆಗಳಿಗೆ ಇನ್ನೊಂದು. ಈಗ ಒಂದೇ ಪುಸ್ತಕ, ಅದರಲ್ಲೂ ಕೊನೆಯ ಹಾಳೆಗಳು ಖಾಲಿ. ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ‘ಕಟ್’ ಎಂದು ಬರೆಯುವಾಗಲೆಲ್ಲ ಉಪ್ಪ ಗೋಡೆ ಗಡಿಯಾರದ ಕಡೆ ನೋಡುತ್ತಾ ಕೂರುತ್ತಾರೆ.

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಮಾರುಕಟ್ಟೆ ನಿರ್ವಹಣೆಯ ಪಾಠ ಮುಗಿದ ಮೇಲೆ ಸರ್ ನಮಗೆ ಒಂದು ಪ್ರಾಜೆಕ್ಟ್ ಕೊಟ್ಟರು. ನಿಮ್ಮ ಊರಿನ ಒಂದು ಅಂಗಡಿಯನ್ನು ಆರಿಸಿಕೊಳ್ಳಿ, ಅದರ ಜಾಹೀರಾತಿನ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡು ಬನ್ನಿ ಎಂದರು. ನನಗೆ ಹುಡುಕಬೇಕಾಗಿರಲಿಲ್ಲ. ಊರಿನ ಜವಳಿ ಅಂಗಡಿಯ ಹಾಜಿಯವರು ಹನ್ನೆರಡು ವರ್ಷಗಳಿಂದ ರಮಝಾನ್ ತಿಂಗಳಿಡೀ ನಮ್ಮ ಲೋಕಲ್ ಚಾನೆಲ್‌ನಲ್ಲಿ ಜಾಹೀರಾತು ಕೊಡುತ್ತಿದ್ದವರು. ಆ ವರ್ಷ ಕೊಡಲಿಲ್ಲ. ಉಪ್ಪ ಕೇಳಲು ಹೋದಾಗ, “ಈ ಸಲ ಮಕ್ಕಳು ರೀಲ್ಸ್ ಮಾಡಿಸ್ತಾರಂತೆ” ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು. ಆ ತಿಂಗಳ ಪುಸ್ತಕದಲ್ಲಿ ಮೂರೂವರೆ ಸಾವಿರದ ಒಂದು ಸಾಲು ಕಡಿಮೆಯಾಯಿತು. ಈ ಲೇಖನ ಆ ಸಾಲಿನ ಹಿಂದೆ ಹೋಗಿ ನಾನು ಕಲಿತದ್ದು.

ಮೊದಲು ಟಿವಿ ಜಾಹೀರಾತಿನ ಲೆಕ್ಕ ನೋಡೋಣ. ದೂರದರ್ಶನ ಜಾಹೀರಾತು ತೆಗೆದುಕೊಳ್ಳಲು ಶುರು ಮಾಡಿದ್ದು 1976ರ ಜನವರಿಯಲ್ಲಿ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ನಗರಗಳಲ್ಲಿ ಡಿಶ್ ಬಂತು, ಅದರ ಬೆನ್ನಿಗೇ ಕೇಬಲ್. 1995ರಲ್ಲಿ ಕೇಬಲ್‌ಗೆಂದೇ ಕಾಯಿದೆಯಾಯಿತು. ಟಿವಿಯಲ್ಲಿ ಜಾಹೀರಾತು ಮಾರಾಟವಾಗುವುದು ಸಾಮಾನ್ಯವಾಗಿ ಹತ್ತು ಸೆಕೆಂಡಿನ ಲೆಕ್ಕದಲ್ಲಿ. ಒಂದು ಗಂಟೆಯಲ್ಲಿ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕಬಾರದು ಎಂಬ ನಿಯಮವಿದೆ. ಅಂದರೆ ಚಾನೆಲ್ ಮಾರುವ ಸರಕು ಧಾರಾವಾಹಿ ಅಲ್ಲ, ಆ ಹನ್ನೆರಡು ನಿಮಿಷ. ಸರಕಿಗೆ ಮಿತಿ ಇದೆ, ಕೊಳ್ಳುವವರು ಹೆಚ್ಚಿದ್ದಾರೆ, ಹಾಗಾಗಿ ಬೆಲೆ ಏರುತ್ತದೆ. ಅರ್ಥಶಾಸ್ತ್ರದಲ್ಲಿ ಓದಿದ ಬೇಡಿಕೆ ಮತ್ತು ಪೂರೈಕೆಯೇ ಇದು.

ಎಷ್ಟು ಜನ ನೋಡಿದರು ಎಂದು ತಿಳಿಯುವುದು ಹೇಗೆ? ದೇಶದಲ್ಲಿ ಟಿವಿ ಇರುವ ಮನೆಗಳು 21 ಕೋಟಿ ಎಂದು 2020ರ ಅಂದಾಜು. ಬಾರ್ಕ್ ಎಂಬ ಸಂಸ್ಥೆ ಇವುಗಳ ಪೈಕಿ ಐವತ್ತು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಮನೆಗಳಲ್ಲಿ ಮೀಟರ್ ಇಟ್ಟು ಇಡೀ ದೇಶದ ಲೆಕ್ಕ ಹೇಳುತ್ತದೆ. ಸುಮಾರು ನಾಲ್ಕು ಸಾವಿರ ಮನೆಗಳ ಪರವಾಗಿ ಒಂದು ಮನೆ ಮಾತನಾಡಿದಂತಾಯಿತು. ಸಂಖ್ಯಾಶಾಸ್ತ್ರದ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಮಾದರಿ ಸರಿಯಾಗಿದ್ದರೆ ಅನ್ನ ಬೆಂದಿದೆಯೋ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ. ಆದರೆ ಆ ಒಂದು ಅಗುಳು ಯಾವುದೆಂದು ಮೊದಲೇ ಗೊತ್ತಾದರೆ? 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ದಾಖಲಿಸಿದ ಟಿಆರ್‌ಪಿ ಪ್ರಕರಣದ ಆರೋಪ ಇದೇ ಆಗಿತ್ತು. ಮೀಟರ್ ಇರುವ ಮನೆಗಳಿಗೆ ದುಡ್ಡು ಕೊಟ್ಟು ಇಂಥದ್ದೇ ಚಾನೆಲ್ ಹಾಕಿಡಿ ಎನ್ನಲಾಗಿತ್ತು ಎಂಬುದು. ಆಮೇಲೆ ಸುದ್ದಿ ಚಾನೆಲ್‌ಗಳ ರೇಟಿಂಗ್ ಪ್ರಕಟಣೆ ನಿಂತು, ಮತ್ತೆ ಶುರುವಾಗಲು 2022ರ ಮಾರ್ಚ್ ಆಯಿತು.

ಉಪ್ಪನ ಲೋಕಲ್ ಚಾನೆಲ್‌ಗೆ ಮೀಟರೂ ಇರಲಿಲ್ಲ, ರೇಟಿಂಗೂ ಇರಲಿಲ್ಲ. ಕೆಳಗೆ ಓಡುವ ಸ್ಕ್ರೋಲ್‌ನಲ್ಲಿ ಅಂಗಡಿಯ ಹೆಸರು ತಪ್ಪಾಗಿ ಬಂದರೆ ಅರ್ಧ ಗಂಟೆಯೊಳಗೆ ಹತ್ತು ಫೋನ್ ಬರುತ್ತಿತ್ತು. ಅದೇ ನಮ್ಮ ಟಿಆರ್‌ಪಿ.

ಇನ್ನು ಯೂಟ್ಯೂಬ್. 2005ರ ಏಪ್ರಿಲ್ 23ರಂದು ಅದರಲ್ಲಿ ಮೊದಲ ವಿಡಿಯೊ ಹಾಕಿದವರು ಜಾವೇದ್ ಕರೀಮ್. ಮೂವರು ಸ್ಥಾಪಕರಲ್ಲಿ ಒಬ್ಬರು, ತಂದೆ ಬಾಂಗ್ಲಾದೇಶದ ಮೂಲದವರು. ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲು ಉದ್ದವಾಗಿದೆ ಎಂದು ಹೇಳುವ 19 ಸೆಕೆಂಡಿನ ತುಣುಕು ಅದು. ಅದಕ್ಕೆ ನಮ್ಮ ಕಾಲೇಜಿನ ಸ್ಪೋರ್ಟ್ಸ್ ಡೇ ವಿಡಿಯೊದಷ್ಟೂ ಗುಣಮಟ್ಟವಿಲ್ಲ. ಮುಂದಿನ ವರ್ಷದ ಅಕ್ಟೋಬರ್‌ನಲ್ಲಿ ಗೂಗಲ್ ಈ ಕಂಪನಿಯನ್ನು 165 ಕೋಟಿ ಡಾಲರ್‌ಗೆ ಕೊಂಡಿತು. ಲಾಭವಿಲ್ಲದ ಕಂಪನಿಗೆ ಇಷ್ಟು ದುಡ್ಡೇ ಎಂದು ಆಗ ನಕ್ಕವರು ಬಹಳ.

ನನ್ನ ಪ್ರಕಾರ ಜಾಹೀರಾತಿನ ಮಟ್ಟಿಗೆ ನಿಜವಾದ ತಿರುವು 2010ರ ಡಿಸೆಂಬರ್‌ನಲ್ಲಿ ಬಂತು. ಐದು ಸೆಕೆಂಡ್ ಆದ ಮೇಲೆ ‘ಸ್ಕಿಪ್’ ಒತ್ತಬಹುದಾದ ಜಾಹೀರಾತು ಆಗ ಶುರುವಾಯಿತು. ಇದರಲ್ಲಿ ಜಾಣತನ ಎಲ್ಲಿದೆ ನೋಡಿ. ನೋಡುಗ ಸ್ಕಿಪ್ ಮಾಡಿದರೆ ಜಾಹೀರಾತುದಾರ ದುಡ್ಡು ಕೊಡಬೇಕಿಲ್ಲ. ಮೂವತ್ತು ಸೆಕೆಂಡ್ ನೋಡಿದರೆ, ಜಾಹೀರಾತು ಅದಕ್ಕಿಂತ ಚಿಕ್ಕದಿದ್ದರೆ ಪೂರ್ತಿ ನೋಡಿದರೆ, ಇಲ್ಲವೇ ಅದರ ಮೇಲೆ ಒತ್ತಿದರೆ ಮಾತ್ರ ಶುಲ್ಕ. ಟಿವಿಯಲ್ಲಿ ಜಾಹೀರಾತು ಬಂದಾಗ ನಾವು ನೀರು ಕುಡಿಯಲು ಎದ್ದು ಹೋದರೂ ಕಂಪನಿ ದುಡ್ಡು ಕೊಟ್ಟಾಗಿರುತ್ತದೆ. ಇಲ್ಲಿ ಹಾಗಲ್ಲ. ಸಮಯವನ್ನು ಮಾರುವ ವ್ಯಾಪಾರ ಗಮನವನ್ನು ಮಾರುವ ವ್ಯಾಪಾರವಾಯಿತು. ಜೊತೆಗೆ ಅಂಗಡಿಯ ಸುತ್ತ ನಕ್ಷೆಯಲ್ಲಿ ಒಂದು ವೃತ್ತ ಎಳೆದು, ಇಷ್ಟು ಕಿಲೋಮೀಟರ್ ಒಳಗಿನವರಿಗೆ, ಇಂಥ ವಯಸ್ಸಿನವರಿಗೆ ಮಾತ್ರ ತೋರಿಸು ಎನ್ನಬಹುದು. ಮೊದಲ ಐದು ಸೆಕೆಂಡಿನಲ್ಲೇ ಹಿಡಿದು ನಿಲ್ಲಿಸಬೇಕು ಎಂಬ ಅವಸರ ಇಂದಿನ ಎಲ್ಲಾ ವಿಡಿಯೊಗಳಿಗೆ ಅಂಟಿಕೊಂಡಿದೆಯಲ್ಲ, ಅದರಲ್ಲಿ ಆ ಬಟನ್ನಿನ ಪಾಲು ದೊಡ್ಡದು.

ನಮ್ಮ ದೇಶದಲ್ಲಿ ಇದೆಲ್ಲ ಹಳ್ಳಿಯವರೆಗೆ ಬಂದದ್ದು 2016ರ ಸೆಪ್ಟೆಂಬರ್ 5ರ ನಂತರ. ಅಂದು ಜಿಯೊ ಶುರುವಾಯಿತು, ಮುಂದಿನ ಮಾರ್ಚ್‌ವರೆಗೂ ಡೇಟಾ ಉಚಿತ. ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಮಾಮ ಸಿಮ್‌ಗಾಗಿ ಮಂಗಳೂರಿನಲ್ಲಿ ಸರದಿ ನಿಂತದ್ದು ನೆನಪಿದೆ. ಅದೇ ಹೊತ್ತಿಗೆ ಕೇಬಲ್‌ಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗಿ ಹಳ್ಳಿಗಳಿಗೂ ಬಂತು. 2019ರ ಫೆಬ್ರವರಿಯಿಂದ ಟ್ರಾಯ್ ಹೊಸ ದರ ಪದ್ಧತಿ ತಂದಿತು. ನೂರು ಚಾನೆಲ್‌ಗಳವರೆಗೆ ನೆಟ್‌ವರ್ಕ್ ಶುಲ್ಕ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಬೇಕಾದ ಚಾನೆಲ್‌ಗಳಿಗೆ ಬೇರೆ ಬೇರೆ ದುಡ್ಡು. ಗ್ರಾಹಕರಿಗೆ ಆಯ್ಕೆಯ ಹಕ್ಕು ಸಿಗಲಿ ಎಂಬುದು ಉದ್ದೇಶ, ಅದು ಸರಿಯೇ. ಆದರೆ ಮನೆಮನೆಗೆ ಹೋಗಿ ಆ ಚಾನೆಲ್ ಯಾಕೆ ಬರುತ್ತಿಲ್ಲ, ಈ ಬಿಲ್ ಯಾಕೆ ಜಾಸ್ತಿ ಎಂದು ವಿವರಿಸುವ ಹೊಣೆ ಉಪ್ಪನ ಹೆಗಲಿಗೆ ಬಿತ್ತು. ಒಬ್ಬ ಅಜ್ಜಿ, “ನನಗೆ ಒಂದು ಕುರ್‌ಆನ್ ಚಾನೆಲ್, ಒಂದು ವಾರ್ತೆ ಸಾಕು ಮಗಾ, ನೂರು ಯಾಕೆ?” ಎಂದು ಕೇಳಿದರಂತೆ. ಉಪ್ಪನ ಬಳಿ ಉತ್ತರ ಇರಲಿಲ್ಲ.

ದೊಡ್ಡ ಮಾರುಕಟ್ಟೆಯಲ್ಲಿ ಏನಾಯಿತು ಎಂಬುದಕ್ಕೆ ಐಪಿಎಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಐದು ವರ್ಷಗಳ ಪ್ರಸಾರದ ಹಕ್ಕನ್ನು ಟಿವಿ, ಡಿಜಿಟಲ್ ಎಲ್ಲ ಸೇರಿಸಿ ಸ್ಟಾರ್ 16,347.5 ಕೋಟಿ ರೂಪಾಯಿಗೆ ಪಡೆಯಿತು. ಆ ಹರಾಜಿನಲ್ಲಿ ಬರೀ ಡಿಜಿಟಲ್ ಹಕ್ಕಿಗಾಗಿ ಫೇಸ್‌ಬುಕ್ 3,900 ಕೋಟಿ ಕೂಗಿ ಸೋತಿತ್ತು. ಮುಂದಿನ ಹರಾಜು 2022ರ ಜೂನ್‌ನಲ್ಲಿ. ಈ ಬಾರಿ ಟಿವಿಯನ್ನೂ ಡಿಜಿಟಲನ್ನೂ ಬೇರೆ ಬೇರೆ ಮಾಡಿ ಮಾರಿದರು. ಭಾರತ ಉಪಖಂಡದ ಟಿವಿ ಹಕ್ಕು 23,575 ಕೋಟಿಗೆ ಡಿಸ್ನಿ ಸ್ಟಾರ್‌ಗೆ, ಡಿಜಿಟಲ್ ಹಕ್ಕು 20,500 ಕೋಟಿಗೆ ವಯಾಕಾಮ್18ಗೆ. ಒಂದು ಪಂದ್ಯಕ್ಕೆ ಟಿವಿಯಲ್ಲಿ 57.5 ಕೋಟಿ, ಫೋನಿನಲ್ಲಿ 50 ಕೋಟಿ. ಉಳಿದ ಪ್ಯಾಕೇಜುಗಳೂ ಸೇರಿ ಒಟ್ಟು 48,390 ಕೋಟಿ. ಐದು ವರ್ಷದ ಹಿಂದೆ ಪಕ್ಕವಾದ್ಯದಂತಿದ್ದ ಡಿಜಿಟಲ್ ಈಗ ಟಿವಿಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿತು.

2023ರಲ್ಲಿ ಜಿಯೊಸಿನಿಮಾ ಎಲ್ಲ ಪಂದ್ಯಗಳನ್ನು ಉಚಿತವಾಗಿ ತೋರಿಸಿತು, ಕನ್ನಡವೂ ಸೇರಿ ಹನ್ನೆರಡು ಭಾಷೆಗಳಲ್ಲಿ. ಉಚಿತ ಎಂದರೆ ಯಾರೂ ದುಡ್ಡು ಕೊಡುತ್ತಿಲ್ಲ ಎಂದಲ್ಲ, ಜಾಹೀರಾತುದಾರರು ಕೊಡುತ್ತಿದ್ದಾರೆ ಎಂದು. ಟಿವಿಯಲ್ಲಿ ಓವರ್ ಮುಗಿದಾಗ ಒಂದೇ ಚಾನೆಲ್ ನೋಡುವವರಿಗೆಲ್ಲ ಒಂದೇ ಜಾಹೀರಾತು. ಫೋನಿನಲ್ಲಿ ಮಂಗಳೂರಿನವನಿಗೆ ಒಂದು, ಕಲಬುರಗಿಯವನಿಗೆ ಮತ್ತೊಂದು ತೋರಿಸಬಹುದು. ಇಡೀ ದೇಶಕ್ಕೆ ಜಾಹೀರಾತು ಕೊಡುವ ಶಕ್ತಿಯಿಲ್ಲದ ಕಂಪನಿಯೂ ಒಂದೇ ಊರಿನ ಮಟ್ಟಿಗೆ ಐಪಿಎಲ್‌ನೊಳಗೆ ಕಾಲಿಡಬಹುದಾಯಿತು. ಕೊನೆಗೆ ಆ ಎರಡು ಕಂಪನಿಗಳೇ ಒಂದಾದವು. 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಫಿಕ್ಕಿ ಮತ್ತು ಇವೈ ಸೇರಿ ತರುವ ವಾರ್ಷಿಕ ವರದಿಯ ಪ್ರಕಾರ 2024ರಲ್ಲಿ ಮೊದಲ ಬಾರಿಗೆ ಡಿಜಿಟಲ್ ಮಾಧ್ಯಮದ ಆದಾಯ ಟಿವಿಯದನ್ನು ದಾಟಿತು. ಈ ವಾಕ್ಯವನ್ನು ನಾನು ಉಪ್ಪನಿಗೆ ಓದಿ ಹೇಳಿದೆ. “ಅದನ್ನು ಹೇಳಲಿಕ್ಕೆ ವರದಿ ಬೇಕಾ? ನಿನ್ನ ಪುಸ್ತಕ ಸಾಲದಾ?” ಎಂದರು.

ಈಗ ಹಾಜಿಯವರ ಅಂಗಡಿಗೆ ಬರುತ್ತೇನೆ. ಅವರ ಮಗಳು ನನ್ನ ತರಗತಿಯವಳೇ. ಹಾಗಾಗಿ ಎಲ್ಲ ವಿವರ ಸಿಕ್ಕಿತು. ಹೊರಗಿನಿಂದ ಬಂದ ಒಬ್ಬ ರೀಲ್ಸ್ ಮಾಡುವವರಿಗೆ ಹನ್ನೆರಡು ಸಾವಿರ ಕೊಟ್ಟಿದ್ದರು. ನಲವತ್ತು ಸೆಕೆಂಡಿನ ವಿಡಿಯೊ. ನೋಡಿದವರ ಸಂಖ್ಯೆ ಒಂದು ಲಕ್ಷ ಅರುವತ್ತು ಸಾವಿರ. ನಮ್ಮ ಕೇಬಲ್ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲೂ ಎಲ್ಲ ಮನೆಗಳ ಎಲ್ಲ ಜನರನ್ನು ಲೆಕ್ಕ ಹಾಕಿದರೂ ಎರಡು ಸಾವಿರ ದಾಟುತ್ತಿರಲಿಲ್ಲ. ಇನ್ನು ಹೋಲಿಕೆ ಎಲ್ಲಿಂದ ಬಂತು ಎಂದು ನನಗೆ ಬೇಸರವೇ ಆಯಿತು.

ಆದರೆ ಗೆಳತಿ ಆ ವಿಡಿಯೊದ ಅಂಕಿಅಂಶದ ಪುಟವನ್ನು ತೋರಿಸಿದಳು. ನೋಡಿದವರ ಊರುಗಳು: ಕೋಝಿಕ್ಕೋಡ್, ದುಬೈ, ಬೆಂಗಳೂರು, ಅದರ ಕೆಳಗೆ ಮಂಗಳೂರು. ಕಮೆಂಟ್‌ಗಳಲ್ಲಿ ಅರ್ಧಕ್ಕರ್ಧ “ಶಾಪ್ ಎಲ್ಲಿ?” ಎಂಬ ಪ್ರಶ್ನೆ. ಕೋಝಿಕ್ಕೋಡ್‌ನವರು ಚೂಡಿದಾರ್ ಕೊಳ್ಳಲು ನಮ್ಮೂರಿಗೆ ಬರುತ್ತಾರೆಯೇ? ನಾಲ್ಕು ‘ಪಿ’ಗಳಲ್ಲಿ ಪ್ರೊಮೋಷನ್ ಓಡಿ ಮುಂದೆ ಹೋಗಿ, ಪ್ಲೇಸ್ ಹಿಂದೆಯೇ ಉಳಿದ ಕಥೆ ಇದು.

ಇನ್ನೊಂದು ಸಂಗತಿ, ‘ವ್ಯೂ’ ಎಂದರೇನು ಎಂಬುದು. ಇದು ಒಂದೊಂದು ಕಡೆ ಒಂದೊಂದು. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಶುರುವಾದರೆ ಸಾಕು, ಒಂದು ವ್ಯೂ. ಬೆರಳು ಮೇಲೆ ಸರಿಸುವಾಗ ಕಣ್ಣ ಮುಂದೆ ಹಾದುಹೋದರೂ ಎಣಿಕೆಗೆ ಬಂತು. 2016ರಲ್ಲಿ ಫೇಸ್‌ಬುಕ್ ಒಪ್ಪಿಕೊಂಡ ತಪ್ಪು ಇನ್ನೂ ಸ್ವಾರಸ್ಯದ್ದು, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಜನ ಸರಾಸರಿ ಎಷ್ಟು ಹೊತ್ತು ವಿಡಿಯೊ ನೋಡುತ್ತಾರೆ ಎಂದು ಹೇಳುವಾಗ, ಮೂರು ಸೆಕೆಂಡ್ ಕೂಡ ನೋಡದೆ ಹೋದವರನ್ನು ಅದು ಛೇದದಿಂದ ಬಿಟ್ಟಿತ್ತು. ನಾವೇ ಒಂದು ಲೆಕ್ಕ ಮಾಡೋಣ. ನೂರು ಜನರ ಮುಂದೆ ವಿಡಿಯೊ ಬಂತು. ಅರುವತ್ತು ಜನ ಒಂದೇ ಸೆಕೆಂಡಿಗೆ ಹೋದರು, ಒಟ್ಟು 60 ಸೆಕೆಂಡ್. ನಲವತ್ತು ಜನ ಹದಿನೈದು ಸೆಕೆಂಡ್ ನೋಡಿದರು, ಒಟ್ಟು 600 ಸೆಕೆಂಡ್. ಎಲ್ಲ ಸೇರಿ 660. ನೂರರಿಂದ ಭಾಗಿಸಿದರೆ ಸರಾಸರಿ 6.6 ಸೆಕೆಂಡ್. ನಲವತ್ತರಿಂದ ಭಾಗಿಸಿದರೆ 16.5 ಸೆಕೆಂಡ್. ಅಂಶ ಅದೇ, ಛೇದ ಬದಲಾಯಿತು, ಜಾಹೀರಾತುದಾರರ ಕಣ್ಣಿಗೆ ವಿಡಿಯೊ ಎರಡೂವರೆ ಪಟ್ಟು ಚೆನ್ನಾಗಿ ಕಂಡಿತು. ಫೇಸ್‌ಬುಕ್‌ನ ಲೆಕ್ಕ ಸುಮಾರು ಶೇಕಡಾ 60ರಿಂದ 80ರಷ್ಟು ಉಬ್ಬಿತ್ತು ಎಂದು ಸುದ್ದಿಯಾಯಿತು. ಜಾಹೀರಾತುದಾರರು ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ನಾಲ್ಕು ಕೋಟಿ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ಸರಾಸರಿ ಹೇಳಿದವರಿಗೆ, ಯಾವುದರಿಂದ ಭಾಗಿಸಿದಿರಿ ಎಂದು ಕೇಳುವ ಅಭ್ಯಾಸ ನನಗೆ ಅಂದಿನಿಂದ ಬಂದಿದೆ.

ಲೆಕ್ಕ ಬಿಟ್ಟು ಅಂಗಡಿಯಲ್ಲೇ ಕೇಳೋಣ ಎಂದುಕೊಂಡೆವು. ಈದ್‌ಗೆ ಮೊದಲಿನ ಎರಡು ಸಂಜೆ, ಇಫ್ತಾರ್ ಆದ ಮೇಲೆ, ಗೆಳತಿಯೂ ನಾನೂ ಬಿಲ್ ಕೌಂಟರಿನ ಪಕ್ಕ ಕೂತೆವು. ಬಿಲ್ ಮಾಡಿಸುವವರಿಗೆ ಒಂದೇ ಪ್ರಶ್ನೆ, “ಈ ಅಂಗಡಿಗೆ ಬರಬೇಕೆಂದು ಹೇಗೆ ಅನಿಸಿತು?” ಉತ್ತರ ಕೊಟ್ಟವರು 61 ಮಂದಿ. ಯಾವಾಗಲೂ ಇಲ್ಲಿಗೇ ಬರುವುದು ಎಂದವರು 27. ದಾರಿಯಲ್ಲಿ ಹೋಗುವಾಗ ಕಂಡಿತು ಎಂದವರು 11. ನೆಂಟರು, ನೆರೆಯವರು ಹೇಳಿದರು ಎಂದವರು 10. ರೀಲ್ಸ್ ನೋಡಿ ಬಂದವರು 9. ಕೇಬಲ್‌ನಲ್ಲಿ ಜಾಹೀರಾತು ನೋಡಿದೆವು ಎಂದವರು 4.

ಆ ನಾಲ್ಕು ಕೇಳಿ ನಾನು ಪೆನ್ನು ಕೆಳಗಿಟ್ಟೆ. ಯಾಕೆಂದರೆ ಆ ವರ್ಷ ನಾವು ಆ ಜಾಹೀರಾತು ಹಾಕಿಯೇ ಇರಲಿಲ್ಲ.

ಹಿಂದಿನ ವರ್ಷಗಳಲ್ಲಿ ನೋಡಿದ್ದು ಅವರ ತಲೆಯಲ್ಲಿ ಉಳಿದಿತ್ತು. ಇದನ್ನು ಎರಡು ರೀತಿ ಓದಬಹುದು. ಹನ್ನೆರಡು ವರ್ಷ ಒಂದೇ ಜಾಹೀರಾತು ನೋಡಿದವರ ನೆನಪು ಅಷ್ಟು ಬೇಗ ಅಳಿಯುವುದಿಲ್ಲ ಎಂಬುದು ಒಂದು. ಜನರ ನೆನಪಿನ ಮೇಲೆ ನಿಂತ ಸಮೀಕ್ಷೆಯನ್ನು ಪೂರ್ತಿ ನಂಬಬಾರದು ಎಂಬುದು ಇನ್ನೊಂದು. ಉಪ್ಪನಿಗೆ ಮೊದಲನೆಯದು ಇಷ್ಟವಾಯಿತು, ಸರ್‌ಗೆ ಎರಡನೆಯದು. ರೀಲ್ಸ್ ನೋಡಿ ಬಂದ ಒಂಬತ್ತು ಮಂದಿಯ ಬಗ್ಗೆಯೂ ಹೇಳಬೇಕು. ಎಲ್ಲರೂ ನಮ್ಮ ವಯಸ್ಸಿನವರು, ಆದರೆ ಯಾರೂ ಒಬ್ಬರೇ ಬಂದಿರಲಿಲ್ಲ. ಉಮ್ಮ, ತಂಗಿ, ಅಣ್ಣನ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ದುಡ್ಡು ಕೊಡುವವರು ಹಿರಿಯರು, ಎಲ್ಲಿಗೆ ಹೋಗಬೇಕೆಂದು ಹೇಳುವವರು ಫೋನ್ ಹಿಡಿದವರು. ಎರಡು ಸಂಜೆಯ, ಒಂದೇ ಅಂಗಡಿಯ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಹನ್ನೆರಡು ಸಾವಿರವನ್ನು ಒಂಬತ್ತರಿಂದ ಭಾಗಿಸಿ ನೋಡಿದ ಹಾಜಿಯವರು ಮಾತ್ರ ತೀರ್ಮಾನಕ್ಕೆ ಬಂದಂತೆ ಕಂಡಿತು.

ಆ ರೀಲ್ಸ್‌ನಲ್ಲಿ ನನಗೆ ಸರಿಕಾಣದ ಸಂಗತಿ ಬೇರೆ. ವಿಡಿಯೊ ಮಾಡಿದವರು ತಾನು ಆಕಸ್ಮಿಕವಾಗಿ ಈ ಅಂಗಡಿ ಹೊಕ್ಕಂತೆ, ಬೆಲೆ ಕೇಳಿ ಬೆರಗಾದಂತೆ ನಟಿಸಿದ್ದರು. ದುಡ್ಡು ತೆಗೆದುಕೊಂಡ ವಿಷಯ ಎಲ್ಲೂ ಇರಲಿಲ್ಲ. ಇದಕ್ಕೆ ನಿಯಮವಿದೆ. ಜಾಹೀರಾತು ಗುಣಮಟ್ಟ ಮಂಡಳಿಯಾದ ಆಸ್ಕಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ತಂದಿತು. ದುಡ್ಡು, ಉಚಿತ ವಸ್ತು, ಪ್ರವಾಸ, ಏನೇ ಪಡೆದಿದ್ದರೂ ನೋಡುಗರಿಗೆ ತಪ್ಪದೆ ಕಾಣುವಂತೆ ಹೇಳಬೇಕು. ನಮ್ಮ ಪಠ್ಯದ ಗ್ರಾಹಕ ಸಂರಕ್ಷಣೆಯ ಅಧ್ಯಾಯದಲ್ಲಿರುವ 2019ರ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ. ಜಾಹೀರಾತಿನಲ್ಲಿ ಹೊಗಳಿದವರನ್ನು ಒಂದು ವರ್ಷ, ಪುನರಾವರ್ತನೆಯಾದರೆ ಮೂರು ವರ್ಷದವರೆಗೆ ಬೇರೆ ಜಾಹೀರಾತು ಮಾಡದಂತೆ ತಡೆಯಬಹುದು. ಪರೀಕ್ಷೆಗೂ ಬರುವ ವಿಷಯ, ನೆನಪಿಡಿ.

ಕಾನೂನು ಈಚಿನದು. ನಾವೆಲ್ಲ ಮದ್ರಸದಲ್ಲಿ ಕಲಿತ ಒಂದು ಘಟನೆ ಇದಕ್ಕಿಂತ ಬಹಳ ಹಳೆಯದು. ಪ್ರವಾದಿಯವರು (ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ಕೇಳಿದರು. ಒದ್ದೆ ಧಾನ್ಯ ಮಾರಬೇಡ ಎಂದು ಹೇಳಲಿಲ್ಲ ಎಂಬುದನ್ನು ಗಮನಿಸಿ, ಕಾಣುವಂತೆ ಇಡು ಎಂದರು. ದುಡ್ಡು ಪಡೆದು ವಿಡಿಯೊ ಮಾಡುವುದೂ ತಪ್ಪಲ್ಲ, ಪಡೆದದ್ದನ್ನು ಮೇಲೆ ಇಡಬೇಕು. ನಮ್ಮ ಕಾಲೇಜಿನಲ್ಲೇ ಅತ್ತರು, ಹಿಜಾಬ್ ಪಿನ್ನು, ಕೇಕ್ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಸಣ್ಣ ವ್ಯಾಪಾರ ಮಾಡುವವರು ಇದ್ದಾರೆ. ಮುಖ ತೋರಿಸದೆ ಬರೀ ಕೈಗಳಿಂದ ಎಷ್ಟು ಅಚ್ಚುಕಟ್ಟಾಗಿ ವಿಡಿಯೊ ಮಾಡಬಹುದು ಎಂದು ಅವರಿಂದ ನೋಡಿ ಕಲಿಯಬೇಕು. ಅವರಿಗಾಗಿ ಈ ಭಾಗ ಸ್ವಲ್ಪ ಉದ್ದವಾಯಿತು.

ಎಲ್ಲ ಜಾಹೀರಾತೂ ಹೀಗೆ ಮುಚ್ಚುಮರೆಯದಲ್ಲ. ಜಾಹೀರಾತನ್ನೇ ಕಾರ್ಯಕ್ರಮವಾಗಿಸುವ ದಾರಿಯೂ ಇದೆ. 2014ರಲ್ಲಿ ಟಿವಿಎಫ್ ಯೂಟ್ಯೂಬ್‌ನಲ್ಲಿ ‘ಪರ್ಮನೆಂಟ್ ರೂಮ್‌ಮೇಟ್ಸ್’ ಎಂಬ ಹಿಂದಿ ಸರಣಿ ತಂದಾಗ ಅದರ ಪ್ರಾಯೋಜಕರು ಬೆಂಗಳೂರಿನ ಕಾಮನ್‌ಫ್ಲೋರ್, ಮನೆ ಹುಡುಕಿಕೊಡುವ ಕಂಪನಿ. ಒಟ್ಟಿಗೆ ಮನೆ ಮಾಡುವ ಜೋಡಿಯ ಕಥೆಗೆ ಮನೆಯ ವ್ಯಾಪಾರಿಯೇ ಪ್ರಾಯೋಜಕ, ಮುಚ್ಚಿಡುವ ಅಗತ್ಯವೇ ಇಲ್ಲ. ಬೆಂಗಳೂರಿನ ದಾನಿಶ್ ಸೇಠ್ ಆರ್‌ಸಿಬಿಯ ‘ಮಿಸ್ಟರ್ ನ್ಯಾಗ್ಸ್’ ಆಗಿ ಕೊಹ್ಲಿ, ಡಿವಿಲಿಯರ್ಸ್‌ರನ್ನು ಕಾಡುವ ವಿಡಿಯೊಗಳೂ ತಂಡದ ಪ್ರಚಾರವೇ ಅಲ್ಲವೇ? ನಾವು ಅದನ್ನು ಜಾಹೀರಾತು ಎಂದು ಸ್ಕಿಪ್ ಮಾಡುವುದಿಲ್ಲ, ಹುಡುಕಿ ನೋಡುತ್ತೇವೆ. ಅದೇ ದಾನಿಶ್ ನಟಿಸಿದ ‘ಫ್ರೆಂಚ್ ಬಿರಿಯಾನಿ’ 2020ರ ಜುಲೈನಲ್ಲಿ ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಪ್ರೈಮ್ ವಿಡಿಯೊದಲ್ಲಿ ಬಿಡುಗಡೆಯಾಯಿತು.

ಉಪ್ಪನ ಚಾನೆಲ್ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಪ್ರಾಜೆಕ್ಟ್ ಮುಗಿದ ಮೇಲೆ ನಾವೂ ಯೂಟ್ಯೂಬ್‌ಗೆ ಹೋಗೋಣ ಎಂದು ನಾನು ಹಟ ಹಿಡಿದೆ. ಅಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಚಂದಾದಾರರು ಬೇಕು, ಹನ್ನೆರಡು ತಿಂಗಳಲ್ಲಿ ಜನ ನೋಡಿದ ಹೊತ್ತು ನಾಲ್ಕು ಸಾವಿರ ಗಂಟೆ ಆಗಬೇಕು. ಅಂದರೆ ಎರಡು ಲಕ್ಷ ನಲವತ್ತು ಸಾವಿರ ನಿಮಿಷ. ಒಬ್ಬೊಬ್ಬರು ನಾಲ್ಕು ನಿಮಿಷ ನೋಡಿದರೆ ಅರುವತ್ತು ಸಾವಿರ ಸಲ ನೋಡಬೇಕು. ಅಷ್ಟಾದ ಮೇಲೆ ಜಾಹೀರಾತಿನ ಆದಾಯದಲ್ಲಿ ಶೇಕಡಾ 55 ನಮಗೆ. ಉಪ್ಪ ಎಲ್ಲ ಕೇಳಿ, “ಇದಕ್ಕಿಂತ ಕಂಬ ಹತ್ತುವುದು ಸುಲಭ” ಎಂದರು. ಮೊದಲು ಹಾಕಿದ್ದು ಮೀಲಾದ್ ಕಾರ್ಯಕ್ರಮದ ದಫ್. ಅದರ ಹಿನ್ನೆಲೆಯಲ್ಲಿ ಪಕ್ಕದ ಅಂಗಡಿಯ ಸ್ಪೀಕರಿನ ಸಿನಿಮಾ ಹಾಡು ಸೇರಿಕೊಂಡಿತ್ತಂತೆ. ಯಂತ್ರವೇ ಹಾಡನ್ನು ಗುರುತಿಸಿ ಹಕ್ಕುಸ್ವಾಮ್ಯದ ನೋಟಿಸ್ ಕಳಿಸಿತು. ಮೂವತ್ತು ವರ್ಷ ಮಸೀದಿಯಲ್ಲಿ ದಫ್ ಬಾರಿಸಿದ ಉಸ್ತಾದರಿಗೆ, ನಿಮ್ಮ ವಿಡಿಯೊದ ದುಡ್ಡು ಸಿನಿಮಾ ಕಂಪನಿಗೆ ಹೋಗುತ್ತದೆ ಎಂದು ವಿವರಿಸುವಷ್ಟರಲ್ಲಿ ಸಾಕಾಯಿತು. ಆ ವಿಡಿಯೊ ತೆಗೆದುಬಿಟ್ಟೆವು.

ಎರಡನೆಯದು ಶಾಲಾ ವಾರ್ಷಿಕೋತ್ಸವ, ನೇರ ಪ್ರಸಾರ. ಉಪ್ಪನ ತಂತಿ ಹೋಗುತ್ತಿದ್ದದ್ದು ಎಂಟು ಕಿಲೋಮೀಟರ್. ಆ ಸಂಜೆ ದಮ್ಮಾಮ್‌ನಿಂದ, ದುಬೈಯಿಂದ, ಕತಾರ್‌ನಿಂದ ಅಪ್ಪಂದಿರು ನೋಡುತ್ತಿದ್ದರು. ಒಬ್ಬರು ಕಮೆಂಟ್‌ನಲ್ಲಿ, ನನ್ನ ಮಗಳು ಬಲಗಡೆ ಮೂರನೆಯವಳು, ಸ್ವಲ್ಪ ಕ್ಯಾಮೆರಾ ಆ ಕಡೆ ತಿರುಗಿಸಿ ಎಂದು ಬರೆದರು. ಉಪ್ಪ ತಿರುಗಿಸಿದರು. ಹಾಡು ಮುಗಿಯುವವರೆಗೂ ತಿರುಗಿಸಿಯೇ ಇಟ್ಟರು. ಉಳಿದವರ ಬೈಗುಳ ಕೇಳಿದ ಮೇಲೆ ಸರಿಮಾಡಿದರು.

ಅದಾದ ಎರಡು ವಾರಕ್ಕೆ ಮನೆ ಕಟ್ಟಿಕೊಡುವ ಕಂಟ್ರಾಕ್ಟರ್ ಒಬ್ಬರು ಉಪ್ಪನನ್ನು ಹುಡುಕಿಕೊಂಡು ಬಂದರು. ಊರಿನಲ್ಲಿ ಮನೆ ಕಟ್ಟಿಸುವವರು ಗಲ್ಫ್‌ನಲ್ಲಿದ್ದಾರೆ, ಅವರು ನಿಮ್ಮ ವಿಡಿಯೊ ನೋಡುತ್ತಾರೆ, ಶುರುವಿನಲ್ಲಿ ನನ್ನದೊಂದು ಹಾಕಿ ಎಂದರು. ಹಾಜಿಯವರ ಗಿರಾಕಿ ಕೋಝಿಕ್ಕೋಡ್‌ನಲ್ಲಿ ಇರಲಿಲ್ಲ, ಕಂಟ್ರಾಕ್ಟರರ ಗಿರಾಕಿ ಮಾತ್ರ ನಿಜವಾಗಿಯೂ ದುಬೈಯಲ್ಲಿದ್ದರು. ಮಾರುಕಟ್ಟೆ ವಿಭಜನೆ ಎಂದು ಪಠ್ಯದಲ್ಲಿ ಓದಿದಾಗ ಅರ್ಥವಾಗದ್ದು ಆಗ ಅರ್ಥವಾಯಿತು. ಅವರ ಜಾಹೀರಾತಿನ ಮೇಲೆ ‘ಪ್ರಾಯೋಜಿತ’ ಎಂದು ದಪ್ಪ ಅಕ್ಷರದಲ್ಲಿ ನಾನೇ ಬರೆದೆ. ಇದು ಯಾಕೆ ಎಂದು ಅವರು ಕೇಳಿದರು, ಉಪ್ಪ ನನ್ನ ಕಡೆ ಕೈ ತೋರಿಸಿದರು.

ಸಾವಿರ ಚಂದಾದಾರರು ಇನ್ನೂ ಆಗಿಲ್ಲ. ಉಪ್ಪ ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೆದು ಇಂಟರ್‌ನೆಟ್ ಕೊಡುತ್ತಿದ್ದಾರೆ. ಕೇಬಲ್ ಕಟ್ ಮಾಡಿಸಿದ ಮನೆಗಳವರೇ ಮತ್ತೆ ಕರೆಯುತ್ತಾರೆ, ಟಿವಿಯಲ್ಲಿ ಯೂಟ್ಯೂಬ್ ಬರುವ ಹಾಗೆ ಮಾಡಿಕೊಡಿ ಎಂದು. ಅಜ್ಜಿಯ ಮನೆಯಲ್ಲೂ ಹಾಕಿದ್ದಾರೆ, ಅವರಿಗೆ ಈಗ ಕುರ್‌ಆನ್ ಚಾನೆಲ್ ಒಂದೇ ಸಾಕು ಎಂದರೂ ನೂರರ ಲೆಕ್ಕವಿಲ್ಲ. ಪುಸ್ತಕದಲ್ಲಿ ಮೂರನೆಯ ಕಾಲಂ ಎಳೆದು ‘ನೆಟ್’ ಎಂದು ಬರೆದಿದ್ದೇನೆ, ಕಳೆದ ತಿಂಗಳು ಅದರಲ್ಲಿ ನಲವತ್ತೊಂದು ಹೆಸರು. ಹಾಜಿಯವರು ಈ ರಮಝಾನ್‌ನಲ್ಲಿ ರೀಲ್ಸನ್ನೂ ಮಾಡಿಸಲಿಲ್ಲ, ನಮಗೂ ಕೊಡಲಿಲ್ಲ. ಮಸೀದಿಯ ಜಂಕ್ಷನ್ನಿನಲ್ಲಿ ದೊಡ್ಡದೊಂದು ಫ್ಲೆಕ್ಸ್ ಹಾಕಿದ್ದಾರೆ.